ಕಲ್ಲಿನ ಮೇಲಿನ ಬಾಣ

ಕಲ್ಲಿನೊಳಗೆ ಕಂಪನದ ವೇಗ ಅಳೆಯುವ ಸಾನಪಾಡಾದ ನಮ್ಮ ಲ್ಯಾಬಿನಲ್ಲಿ ವಿಜಯಪುರ ಕಡೆಯ ಒಬ್ಬ ಸಹಾಯಕರಿದ್ದರು. ಯಾವ ಕಲ್ಲು ಬಂದರೂ ಅಂಗೈಯಿಂದ ಸವರಿ, "ಇದರ ಮಗ್ಗಲ ಯಾವದು?" ಎಂದು ತಮ್ಮನ್ನೇ ಕೇಳಿಕೊಂಡು, ಸೀಮೆಸುಣ್ಣದಲ್ಲಿ ಬಾಣ ಎಳೆಯುತ್ತಿದ್ದರು. ಹೊಸಬನಾದ ನಾನು ಅದರ ಅರ್ಥ ತಿಳಿಯದೆ ಕೊಳೆಯೆಂದುಕೊಂಡು, ಒಂದು ದಿನ ರೂಪಾಂತರ ಶಿಲೆಯ ತುಂಡುಗಳನ್ನೆಲ್ಲ ತೊಳೆದು ಒಣಗಿಸಿಟ್ಟೆ. ಆಮೇಲೆ ಅಳೆದರೆ, ಒಂದೇ ತುಂಡಿನಲ್ಲಿ ವೇಗ ಒಮ್ಮೆ ಹೆಚ್ಚು, ಒಮ್ಮೆ ಕಡಿಮೆ. ಯಂತ್ರ ಕೆಡಿಸಿಬಿಟ್ಟೆನೆಂದು ಹೆದರಿ ಅವರನ್ನು ಕರೆದೆ.

ಅವರು ಬೈಯಲಿಲ್ಲ. ಕಲ್ಲಿಗೆ ನೀರು ಚಿಮುಕಿಸಿದರು. ಮಸುಕಾಗಿದ್ದ ಪದರುಗಳು ಗೆರೆಗೆರೆಯಾಗಿ ಎದ್ದವು.

"ಮಷೀನ್ ಬರೋಬರ್ ಐತ್ರಿ ಸಾಹೇಬ್ರ. ಪದರಿನ ಗುಂಟ ಹೋದ್ರ ಕಂಪನ ಲಗೂನ ಓಡತೈತಿ. ಅಡ್ಡ ಹೊಂಟ್ರ ಒಂದೊಂದ ಪದರ ದಾಟಬೇಕಲ್ರಿ, ತಡ ಆಗತೈತಿ."

ನನಗೆ ಹೋದ ಜೀವ ಬಂದಂತಾಯಿತು. ಸೀಮೆಸುಣ್ಣವನ್ನು ನನ್ನ ಕೈಗಿಟ್ಟರು. ನಾನು ಪದರುಗಳು ಸಾಗುವ ದಿಕ್ಕಿಗೆ ಬಾಣ ಎಳೆದೆ. ಸರಿಯಿದೆಯೇ ಎಂದು ತಿರುಗಿಯೂ ನೋಡದೆ, ಅವರು ಅರ್ಧ ಲೋಟದ ಎರಡು ಕಟಿಂಗ್ ಚಹಾ ಹೇಳಲು ಹೊರಟರು.