ಅನ್ನದ ಚೀಲ, ಕೂಸಿನ ಚೀಲ

ನಮ್ಮ ಕಡೆ ಹೊಟ್ಟೆ ಅಂದರೆ ಒಂದೇ ಮಾತು. ಅನ್ನ ಹೋಗುವುದೂ ಹೊಟ್ಟೆಗೆ, ಕೂಸು ಬೆಳೆಯುವುದೂ ಹೊಟ್ಟೆಯಲ್ಲಿ. ಒಳಗೆ ಎಷ್ಟು ಕೋಣೆಗಳಿವೆ ಎಂದು ಇಣುಕಿ ನೋಡಿದವರು ಯಾರು? ನಾನಂತೂ ಮೂರನೇ ಇಯತ್ತೆಗೇ ಶಾಲೆ ಬಿಟ್ಟವಳು. ನನ್ನ ದಡ್ಡತನಕ್ಕೆ ಇಷ್ಟು ಸಮಜಾಯಿಷಿ ಸಾಕು.

ಮದುವೆಯಾಗಿ ಏಳು ವರ್ಷ ಬರಿದೇ ಕಳೆದಿದ್ದವು. ಹಳದೀಪುರದಲ್ಲಿ ನಮ್ಮದು ಬಸಳೆ, ಹರಿವೆ, ಸೌತೆ ಬೆಳೆಯುವ ಮನೆ. ನಮ್ಮವರು ಹೊನ್ನಾವರದಲ್ಲಿ ಜನರನ್ನು ಹೊಳೆ ದಾಟಿಸುವ ಲಾಂಚಿನಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದರು. ಶರಾವತಿಗೆ ಆಗಿನ್ನೂ ಸೇತುವೆ ಆಗಿರಲಿಲ್ಲ. ಆ ಬೇಸಗೆಯಲ್ಲಿ ನನಗೆ ಊಟ ಸೇರದಾಯಿತು. ಎರಡು ತುತ್ತಿಗೇ ಹೊಟ್ಟೆ ತುಂಬಿದ ಹಾಗೆ, ಸ್ವಲ್ಪ ಹೊತ್ತಿಗೆ ತಿಂದದ್ದೆಲ್ಲ ವಾಂತಿ. ಎರಡು ತಿಂಗಳು ಮುಟ್ಟೂ ನಿಂತಿತು.

ಇನ್ನು ಕೇಳಬೇಕೆ? ಅತ್ತೆ ಬೆರಳು ಮಡಿಸಿ ತಿಂಗಳು ಲೆಕ್ಕ ಹಾಕಿದರು. ಆಚೆಮನೆಯಿಂದ ಮಿಡಿ ಉಪ್ಪಿನಕಾಯಿ ಬಂತು, ಈಚೆಮನೆಯಿಂದ ಮುರುಗಲ ಹಣ್ಣಿನ ಪಾನಕ ಬಂತು. ಬಯಕೆಯ ಸಂಕಟ ಎಂದು ನಾನೂ ನಂಬಿ ಅದನ್ನೆಲ್ಲ ನೆಕ್ಕಿ ನೆಕ್ಕಿ ತಿಂದೆ. ಉರಿ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಅತ್ತೆ ದಿನಾ ಹೂವು ಮುಡಿಸುತ್ತಿದ್ದರು. ಹೊಟ್ಟೆಗೆ ಹಿಟ್ಟಿಲ್ಲ, ಜುಟ್ಟಿಗೆ ಮಲ್ಲಿಗೆ ಎಂಬ ಗಾದೆ ನನಗೇ ಹೇಳಿ ಮಾಡಿಸಿದ ಹಾಗಿತ್ತು. ಆದರೂ ಸುಳ್ಳು ಯಾಕೆ ಹೇಳಲಿ, ಅಷ್ಟು ಸಂತೋಷದ ದಿನಗಳನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಸಂತೋಷ ಮುರಿದದ್ದು ಸೂಲಗಿತ್ತಿ. ಕರ್ಕಿಯಿಂದ ಬಂದ ಆ ಮುದುಕಿ ಎದೆಗೂಡಿನ ಕೆಳಗೆ ಒತ್ತಿ ನೋಡಿ, ಕೈ ಹಿಂದೆ ತೆಗೆದಳು.

"ಎಂತ ಆಯಿ?" ಎಂದೆ.

"ಗಟ್ಟಿ ಎಂತೋ ಕೈಗೆ ಸಿಕ್ತದೆ ತಂಗಿ. ಆದ್ರೆ ಕೂಸು ಇಷ್ಟು ಮೇಲೆ ಕೂತ್ಕಣೂದಿಲ್ಲ. ಡಾಕ್ಟರಿಗೆ ತೋರ್ಸು."

ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಕೊಟ್ಟ ಚಹಾದ ಲೋಟವನ್ನು ವಾಪಸು ಕಸಿದುಕೊಳ್ಳಬೇಕು ಅನ್ನಿಸಿತು.

ಕುಮಟೆಯ ಡಾಕ್ಟರು ನನ್ನನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ, ನಮ್ಮವರ ಹತ್ತಿರ ಬಹಳ ಹೊತ್ತು ಮಾತಾಡಿದರು. ಕಾಯಿಲೆ ನನ್ನದು, ಮಾತು ಅವರಿಬ್ಬರದು! ಹೊರಗೆ ಬಂದ ನಮ್ಮವರು, "ಹೊಟ್ಟೆಲಿ ಹುಣ್ಣು ಆಗಿದ್ಯಂತೆ. ಹುಬ್ಬಳ್ಳಿಗೆ ಹೋಗಿ ಕೊಯ್ಸ್ಬೇಕು, ಆತಾ?" ಎಂದಷ್ಟೇ ಹೇಳಿದರು. ಆಪರೇಶನ್ ಆಗದಿದ್ದರೆ ದೀಪಾವಳಿ ಕಾಣುವುದು ಕಷ್ಟ ಎಂದು ಡಾಕ್ಟರು ಅವರಿಗೆ ಹೇಳಿದ್ದರಂತೆ. ಅದು ನನಗೆ ಗೊತ್ತಾದದ್ದು ಆಮೇಲೆ.

ಮಳೆ ಹಿಡಿಯುವ ಮುಂಚೆ ಬಸ್ಸಿನಲ್ಲಿ ಘಟ್ಟ ಹತ್ತಿದೆವು. ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಸುಣ್ಣದ ನೀರಿನಂಥದೊಂದನ್ನು ಕುಡಿಸಿ ಎಕ್ಸ್‌ರೇ ತೆಗೆದರು. ಮಾರನೇ ವಾರ ಆಪರೇಶನ್ ಆಯಿತು. ಮೂರು ದಿನ ಕಳೆದು ಸರಿಯಾಗಿ ಎಚ್ಚರವಾದಾಗ ಇಬ್ಬರು ನರ್ಸುಗಳು ನನ್ನ ಮಂಚದ ಹತ್ತಿರ ನಿಂತಿದ್ದರು. ಒಬ್ಬಳು ಇನ್ನೊಬ್ಬಳಿಗೆ, "ಈ ಅಕ್ಕಾರದು ಹೊಟ್ಟಿ ಮುಕ್ಕಾಲು ತಗದಾರ, ಹಗುರಕ ಎಬ್ಬಿಸು" ಎಂದಳು.

ಹೊಟ್ಟೆ ತೆಗೆದಿದ್ದಾರೆ! ಕೂಸು ಬೆಳೆಯುವ ಜಾಗವನ್ನೇ ಮುಕ್ಕಾಲು ಕೊಯ್ದು ಬಿಸಾಡಿದ್ದಾರೆ ಎಂದೇ ನಾನು ತಿಳಿದೆ. ಉಳಿದ ಕಾಲು ಭಾಗದಲ್ಲಿ ಯಾವ ಕೂಸು ಹಿಡಿಸೀತು? ಎರಡು ದಿನ ಗೋಡೆ ಕಡೆ ಮುಖ ಮಾಡಿ ಅಳುತ್ತ ಮಲಗಿದೆ. ನಮ್ಮವರು ಗಂಜಿ ತಂದಾಗ ಬಾಯಿ ಬಿಟ್ಟೆ.

"ನೀವು ಬೇರೆ ಮದುವೆ ಆಗಿ."

ಅವರ ಮುಖ ಬಿಳಚಿತು. "ನಿಂಗೆ ಯಾರು ಹೇಳಿದ್ದು?"

"ಯಾರಾದ್ರೂ ಹೇಳ್ಲಿ. ನಿಮಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು. ನಿನ್ನ ಮುಂದೆ ಹೇಳೂಕೆ ಬಾಯಿ ಬರ್ಲಿಲ್ಲ."

"ಗೊತ್ತಿದ್ದೂ ಕೊಯ್ಯೂಕೆ ಬಿಟ್ರಾ?"

"ಬಿಡದಿದ್ರೆ ನೀನು ಉಳೀತಿದ್ಯಾ ಮಾರಾಯ್ತಿ?"

"ಉಳಿದು ಎಂತ ಮಾಡೂದು?" ಎಂದು ಕೂಗಿ ಗಂಜಿಯ ಬಟ್ಟಲನ್ನು ತಳ್ಳಿದೆ. ಅದು ಖಣಖಣ ಎಂದು ಇಡೀ ವಾರ್ಡಿನ ಉದ್ದಕ್ಕೂ ಉರುಳಿ, ಆಗತಾನೇ ಒಳಗೆ ಬರುತ್ತಿದ್ದ ದೊಡ್ಡ ಡಾಕ್ಟರ ಬೂಟಿಗೆ ತಾಗಿ ನಿಂತಿತು.

"ಯಾಕವ್ವಾ, ಗಂಜಿಗೆ ಉಪ್ಪು ಇಲ್ಲೇನು?" ಎಂದರು ಅವರು.

"ನನ್ನ ಹೊಟ್ಟೆ ತೆಗೆದ್ರಲ್ಲ, ಇನ್ನು ಕೂಸು ಎಲ್ಲಿ ಇಟ್ಕಳ್ಲಿ?" ಎಂದೆ. ಮರ್ಯಾದೆ, ನಾಚಿಕೆ ಯಾವುದೂ ಉಳಿದಿರಲಿಲ್ಲ.

ಡಾಕ್ಟರಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ಎಕ್ಸ್‌ರೇ ಲಕೋಟೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಒಂದು ಹೆಂಗಸಿನ ಮೈ ಗೀಚಿದರು. ಮೇಲೆ ಒಂದು ವಕ್ರ ಚೀಲ, ಬಹಳ ಕೆಳಗೆ ಇನ್ನೊಂದು ಪುಟ್ಟ ಚೀಲ.

"ನೋಡವ್ವಾ, ಇದು ಅನ್ನದ ಚೀಲ. ಇದು ಕೂಸಿನ ಚೀಲ. ನಾವು ಕೈ ಹಾಕಿದ್ದು ಮ್ಯಾಲಿಂದಕ್ಕ. ಕೆಳಗಿಂದು ಮುಟ್ಟಿಲ್ಲ."

"ಮುಟ್ಟಲಿಲ್ವಾ?"

"ಇಲ್ಲವ್ವಾ, ಇದ್ದಂಗ ಐತಿ."

"ಹಂಗಾದ್ರೆ ಅನ್ನದ ಚೀಲಕ್ಕೆ ಎಂತ ಆಗಿತ್ತು?"

ಅವರು ನಮ್ಮವರ ಮುಖ ನೋಡಿದರು. ನಮ್ಮವರು ಬೇಡ ಬೇಡ ಎಂದು ತಲೆಯಾಡಿಸಿದರು. "ಅವ್ರನ್ನ ಎಂತಕ್ಕೆ ನೋಡ್ತ್ರಿ? ಹೊಟ್ಟೆ ನಂದು" ಎಂದೆ.

"ಕ್ಯಾನ್ಸರ್" ಎಂದರು ಡಾಕ್ಟರು.

"ಅಷ್ಟೇನಾ?" ಎಂದು ನಾನು ನಕ್ಕುಬಿಟ್ಟೆ. ಹೊಲಿಗೆ ಎಳೆದು ಪ್ರಾಣ ಹೋದ ಹಾಗಾಯಿತು, ಆದರೂ ನಗು ನಿಲ್ಲಲಿಲ್ಲ. ಆ ಹೆಸರು ನಾನು ಕೇಳಿರಲಿಲ್ಲವೆಂದಲ್ಲ. ಅದರಿಂದ ಸತ್ತವರೂ ಗೊತ್ತಿತ್ತು. ಆದರೆ ಎರಡು ದಿನ ನಾನು ಬೇರೊಂದು ಸಾವಿಗೆ ಅತ್ತು ಮುಗಿಸಿದ್ದೆ.

ಆಮೇಲೆ ಡಾಕ್ಟರು ಎಲ್ಲ ಬಿಡಿಸಿ ಹೇಳಿದರು. ಚೀಲದ ಕೆಳಬಾಯಲ್ಲಿ ಗಡ್ಡೆ ಬೆಳೆದು ದಾರಿ ಕಟ್ಟಿತ್ತು, ಅದಕ್ಕೇ ವಾಂತಿ. ರಕ್ತ ಒಸರಿ ಒಸರಿ ಮೈ ಒಣಗಿ ಮುಟ್ಟು ನಿಂತಿತ್ತು. ಗಡ್ಡೆಯ ಜೊತೆ ಚೀಲದ ಮುಕ್ಕಾಲು ಪಾಲು ಕೊಯ್ದು, ಉಳಿದದ್ದಕ್ಕೆ ಕರುಳನ್ನು ಹೊಲಿದಿದ್ದರು. ಇನ್ನು ಮೇಲೆ ಒಮ್ಮೆಗೇ ಹೊಟ್ಟೆ ಬಿರಿಯ ಉಣ್ಣುವಂತಿಲ್ಲ, ದಿನಕ್ಕೆ ಆರು ಸಲ ಗುಬ್ಬಿಯ ಹಾಗೆ ತಿನ್ನಬೇಕು. ಕಣ್ಣಿಗೆ ಕಂಡದ್ದನ್ನು ತೆಗೆದಿದ್ದೇವೆ, ಕಾಣದ್ದು ಉಳಿದಿದ್ದರೆ ಮತ್ತೆ ಬರಬಹುದು, ಆಗಾಗ ಬಂದು ತೋರಿಸಬೇಕು ಎಂದರು. ಅವರು ಮುಚ್ಚುಮರೆ ಮಾಡದೆ ಹೇಳಿದ್ದಕ್ಕೆ ನನಗೆ ಹೆದರಿಕೆಗಿಂತ ಧೈರ್ಯವೇ ಬಂತು. ಗೊತ್ತಿಲ್ಲದ ಹುಲಿಗಿಂತ ಗೊತ್ತಿರುವ ಹುಲಿ ವಾಸಿ.

"ಹಂಗಾದ್ರೆ ಕೂಸು?" ಎಂದೆ.

ಡಾಕ್ಟರು ಪೆನ್ಸಿಲು ಜೇಬಿಗೆ ಹಾಕಿಕೊಂಡರು.

"ಮೈಗೆ ರಕ್ತ ಬರಲಿ. ಎರಡು ವರ್ಷ ತಡೀರಿ. ಆಮ್ಯಾಲ ನೋಡೋಣಂತ."

ಅವರು ಮುಂದಿನ ಮಂಚಕ್ಕೆ ಹೋದ ಮೇಲೆ ನನಗೆ ಸಿಟ್ಟು ಬಂತು. "ಕೇಳಿದ್ರಾ? ಇನ್ನೂ ಎರಡು ವರ್ಷವಂತೆ! ಏಳು ವರ್ಷ ಕಾದದ್ದು ಸಾಲ್ಲಿಲ್ವಾ?"

ತಿರುಗಿ ನೋಡಿದರೆ ನಮ್ಮವರು ಮಂಚದ ಕಾಲು ಹಿಡಿದುಕೊಂಡು ನೆಲದ ಮೇಲೇ ಕೂತುಬಿಟ್ಟಿದ್ದರು. ಏಳು ವರ್ಷದಲ್ಲಿ ಒಮ್ಮೆಯೂ ನನ್ನೆದುರು ಕಣ್ಣೀರು ಹಾಕದ ಗಂಡಸು ಮಕ್ಕಳ ಹಾಗೆ ಬಿಕ್ಕುತ್ತಿದ್ದರು.

"ದೀಪಾವಳಿವರೆಗೂ ಇಲ್ಲ ಅಂದ್ಕಂಡಿದ್ದೆ. ಎರಡು ವರ್ಷ ಅಂದ್ರು ಕೇಳ್ದ್ಯಾ? ಎರಡು ವರ್ಷ ಅಂದ್ರು!"

ನಾನು ಕಾದದ್ದು ಎರಡಲ್ಲ, ನಾಲ್ಕು ವರ್ಷ. ಹುಟ್ಟಿದ್ದು ಹೆಣ್ಣು.