ಪರ್ಸೋ ಮುಗಿಯುವ ಮನೆ

ಪರ್ಸೋ ಎಂಬ ಮಾತಿನ ಅರ್ಥ ನನಗೆ ಗೊತ್ತಿತ್ತು. ಗೊತ್ತಿದ್ದದ್ದೇ ತಪ್ಪಾಯಿತು. ವಿಜಾಪುರದ ತವರಿನಲ್ಲಿದ್ದಾಗ ಹಿಂದಿ ಪರೀಕ್ಷೆ ಕಟ್ಟಿ ಪಾಸಾದವಳು ನಾನು. ಪರ್ಸೋ ಎಂದರೆ ನಾಡಿದ್ದು. ಆಗಿಹೋದ ಸಂಗತಿಯಾದರೆ ಮೊನ್ನೆ. ಪುಸ್ತಕದಲ್ಲಿ ಹಾಗೇ ಇತ್ತು, ಮಾಸ್ತರರೂ ಹಾಗೇ ಹೇಳಿದ್ದರು. ಆ ಪುಸ್ತಕ ಬರೆದವರು ಚಿತ್ತಾಪುರಕ್ಕೆ ಬಂದಿರಲಿಲ್ಲ ಎಂದು ಕಾಣುತ್ತದೆ.

ನಾನು ಮದುವೆಯಾಗಿ ಬಂದಾಗ ಚಿತ್ತಾಪುರ ಇನ್ನೂ ಹೈದರಾಬಾದ್ ರಾಜ್ಯದಲ್ಲಿತ್ತು. ನಮ್ಮವರು ತಾಲೂಕು ಕಚೇರಿಯಲ್ಲಿ ಗುಮಾಸ್ತರು. ವಾಸ ಅವರ ಅಣ್ಣನ ಮನೆಯಲ್ಲಿ. ಆ ಮನೆಯ ಅಡುಗೆಮನೆ ನನ್ನ ನೆಗೆಣ್ಣಿಯದು, ಅಂದರೆ ಭಾವನವರ ಹೆಂಡತಿಯದು. ನಾನು ರೊಟ್ಟಿ ಬಡಿಯಬಹುದು, ಜೋಳದಲ್ಲಿ ಕಲ್ಲು ಆರಿಸಬಹುದು, ಪಾತ್ರೆ ತೊಳೆಯಲಂತೂ ಪೂರ್ತಿ ಪರವಾನಗಿ. ಬೇಳೆಗೆ ಒಗ್ಗರಣೆ ಮಾತ್ರ ಆಕೆಯ ಕೈಯಿಂದಲೇ ಆಗಬೇಕು. ಸಾಸಿವೆ ಡಬ್ಬಿಯ ಕಡೆ ನನ್ನ ಕೈ ಹೋದರೆ ಸಾಕು, "ಇರ್ಲಿ ಬಿಡವ್ವಾ, ನಿನಗ ನಮ್ಮ ಕಡೀದು ತಿಳಿಯಂಗಿಲ್ಲ" ಎನ್ನುತ್ತಿದ್ದಳು. ತೊಗರಿಬೇಳೆಗೆ ಒಗ್ಗರಣೆ ಕೊಡುವುದರಲ್ಲಿ ತಿಳಿಯದೇ ಇರುವಂಥದ್ದು ಏನಿದೆ? ನನಗೆ ದೊಡ್ಡ ಮನೆಯ ಆಸೆಯೇನೂ ಇರಲಿಲ್ಲ. ನನ್ನದು ಎನ್ನುವ ಒಂದು ಒಲೆ ಬೇಕಿತ್ತು.

ನಮ್ಮವರು ಊರ ಅಂಚಿಗೆ ಜಾಗ ಹಿಡಿದರು, ಮೂರು ಖೋಲಿಯ ಮನೆ ಎಂದು ನಿಶ್ಚಯವಾಯಿತು. ಕಟ್ಟಲು ಸಿಕ್ಕ ಗೌಂಡಿ ಕಾಗಿಣಾ ಹೊಳೆದಂಡೆಯ ಹಳ್ಳಿಯವನು, ವಯಸ್ಸಾದವನು. ಊರಿಗೆಲ್ಲ ಗೌಂಡಿ ಕಾಕಾ. ಕೈ ಬಂಗಾರದ್ದು. ಅವನಿಟ್ಟ ಕಲ್ಲು ಕೂದಲೆಳೆಯಷ್ಟೂ ಸರಿಯುತ್ತಿರಲಿಲ್ಲ. ಅವನು ಮಾತ್ರ ಒಂದು ಕಡೆ ನಿಲ್ಲುತ್ತಿರಲಿಲ್ಲ.

ಮೊದಲ ವರ್ಷವೇ ಅಯ್ಯನವರು ಬಂದು ಪೂಜೆ ಮಾಡಿ ಬಾಗಿಲ ಚೌಕಟ್ಟು ನಿಲ್ಲಿಸಿದರು. ಗೋಡೆಗಳು ಎದ್ದವು. ಅಡುಗೆಮನೆಯ ಮಾಳಿಗೆಗೆ, ಅಂದರೆ ಚಾವಣಿಗೆ, ಹಾಸುವ ಕಲ್ಲಷ್ಟೇ ಬಾಕಿ. ಒಂದು ಮಂಗಳವಾರ ನಾನೇ ಹೋಗಿ ಕೇಳಿದೆ.

"ಕಾಕಾ, ಅಡಗಿಮನಿ ಯಾವಾಗ ಮುಗೀತೈತಿ?"

ಅವನು ಕರಣಿ ಒರೆಸುತ್ತ ಹೇಳಿದ, "ಪರ್ಸೋ ಆಗಿಹೋಗ್ತದ್ರಿ ಅವ್ವಾರೆ."

ಮಂಗಳವಾರಕ್ಕೆ ಪರ್ಸೋ ಎಂದರೆ ಗುರುವಾರ. ಮನೆಗೆ ಬಂದವಳೇ ತವರಿನ ಪಾತ್ರೆಗಳನ್ನೆಲ್ಲ ಗೋಣಿಚೀಲಕ್ಕೆ ತುಂಬಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಬುಧವಾರ ಎಲ್ಲರೂ ಊಟಕ್ಕೆ ಕೂತಾಗ, ನಾಳೆ ಹೇಗೂ ಹೋಗುವವಳು ತಾನೇ ಎಂಬ ಧೈರ್ಯದಲ್ಲಿ, ವರ್ಷದಿಂದ ಗಂಟಲಲ್ಲಿ ಹಿಡಿದಿಟ್ಟಿದ್ದ ಮಾತು ಆಡಿಬಿಟ್ಟೆ: "ಅಕ್ಕಾ, ನಿಮ್ಮ ಬ್ಯಾಳ್ಯಾಗ ಉಪ್ಪು ಭಾಳ ಇರತೈತಿ. ದಿನಾ."

ಭಾವನವರ ಕೈ ತಟ್ಟೆಯಲ್ಲೇ ನಿಂತಿತು. ನಮ್ಮವರು ನೀರು ಕುಡಿಯುವ ನೆವದಲ್ಲಿ ತಂಬಿಗೆಯ ಹಿಂದೆ ಮುಖ ಮರೆಸಿಕೊಂಡರು. ನೆಗೆಣ್ಣಿ ನನ್ನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಬಡಿಸಿದಳು.

ಗುರುವಾರ ಗೌಂಡಿ ಬರಲಿಲ್ಲ. ಶುಕ್ರವಾರವೂ ಇಲ್ಲ. ಗಂಡನ ಮುಂದೆ ಹಾರಾಡಿದೆ. ಅವರಿಗೆ ಸಿಟ್ಟೆಂಬುದೇ ಇಲ್ಲ, ಅದೇ ನನ್ನ ಸಿಟ್ಟಿಗೆ ಅರ್ಧ ಕಾರಣ.

"ಪರ್ಸೋ ಅಂದಾನಲ್ಲ? ನಮ್ಮ ಕಡಿ ಪರ್ಸೋ ಅಂದ್ರ ನಾಡಿದ್ದಲ್ಲ" ಎಂದರು.

"ಮತ್ತೇನು?"

"ಪರ್ಸೋ ಅಂದ್ರ ಪರ್ಸೋ. ಹೋದ ವರ್ಷನೂ ಆಗ್ತದ, ಬರೋ ವರ್ಷನೂ ಆಗ್ತದ. ಒಟ್ಟ ಇವತ್ತಲ್ಲ."

"ಇದನ್ನ ಮದಿವಿಕಿಂತ ಮೊದ್ಲ ಹೇಳಬೇಕಿತ್ರಿ" ಎಂದೆ.

ಶನಿವಾರದಿಂದ ನೆಗೆಣ್ಣಿ ಬೇಳೆಗೆ ಉಪ್ಪು ಹಾಕುವುದನ್ನೇ ಬಿಟ್ಟಳು. ಉಪ್ಪಿನ ಗಡಿಗೆಯನ್ನು ತಂದು ನನ್ನ ತಟ್ಟೆಯ ಮುಂದೆ ಕುಕ್ಕಿ, "ನಿನ್ನ ಬಾಯಿಗಿ ಎಷ್ಟು ಬೇಕೋ ಅಷ್ಟು ಹಾಕ್ಕೋ" ಎಂದಳು. ಭಾವನವರು, ನಮ್ಮವರು ಎಲ್ಲರೂ ಆ ಗಡಿಗೆಗೇ ಕೈ ಚಾಚಬೇಕು, ಚಾಚುವಾಗ ನನ್ನ ಮುಖ ನೋಡಬೇಕು. ಒಂದು ದಿನಕ್ಕೆಂದು ಆಡಿದ ಮಾತಿನ ಎದುರು ನಾನು ಮೂರು ವರ್ಷ ಕೂತು ಉಂಡೆ.

ಆ ಮೂರು ವರ್ಷ ನಮ್ಮ ಮನೆಯ ಕಲ್ಲು, ಗಾಡಿ, ಗೌಂಡಿ ಒಂದೇ ದಿನ ಒಂದೇ ಊರಿನಲ್ಲಿ ಇರಲಿಲ್ಲ. ಕಲ್ಲು ಶಹಾಬಾದಿನಿಂದ ಬರಬೇಕು. ಅದು ವಾಡಿಯವರೆಗೆ ಬಂತೆಂದರೆ ಗಾಡಿ ಇಲ್ಲ. ಗಾಡಿ ಸಿಕ್ಕರೆ ಎತ್ತು ರಾಶಿಗೆ ಹೋಗಿವೆ. ಎತ್ತು ತಿರುಗಿ ಬಂದರೆ ಗೌಂಡಿ ಸೇಡಂನಲ್ಲಿ ಯಾರದೋ ಬಾವಿ ಕಟ್ಟುತ್ತಿದ್ದಾನೆ, ಅಷ್ಟರಲ್ಲಿ ಕಲ್ಲನ್ನು ಬೇರೆ ಯಾರೋ ಒಯ್ದಿದ್ದಾರೆ. ಕನ್ನಡದವರದೆಲ್ಲ ಒಂದೇ ರಾಜ್ಯವಾಗುತ್ತದಂತೆ ಎಂಬ ಮಾತು ಆಗ ಎಲ್ಲೆಲ್ಲೂ ಎದ್ದಿತ್ತು. "ನಿಮ್ಮ ಅಡಗಿಮನಿಕಿಂತ ರಾಜ್ಯನೇ ಮೊದ್ಲ ಆಗ್ತದ ನೋಡ್ರಿ" ಎಂದು ಕಚೇರಿಯವರು ನಮ್ಮವರಿಗೆ ಚೇಷ್ಟೆ ಮಾಡುತ್ತಿದ್ದರಂತೆ. ಅದನ್ನು ಮನೆಗೆ ಬಂದು ನನ್ನ ಮುಂದೆ ಹೇಳಿ ನಗುವಷ್ಟು ಬುದ್ಧಿವಂತರು ಇವರು.

ನಾಲ್ಕನೆಯ ಬೇಸಿಗೆಯ ಕೊನೆಗೆ ಕಲ್ಲು ಬಂದು ಅಂಗಳದಲ್ಲಿ ಬಿತ್ತು. ಗೌಂಡಿಯ ಸುದ್ದಿಯಿಲ್ಲ. ಮಳೆ ತಲೆಯ ಮೇಲಿದೆ. ನಾನು ಸೆರಗು ಸಿಗಿಸಿ, "ಗಾಡಿ ಹೂಡಸ್ರಿ, ಅವನ ಮನಿಗೇ ಹೋಗೋಣು" ಎಂದೆ. ದಾರಿಯುದ್ದಕ್ಕೂ ಬೈಗುಳ ಬಾಯಿಪಾಠ ಮಾಡಿಕೊಂಡೆ, ತವರಿನವು ಒಂದಿಷ್ಟು, ಇಲ್ಲಿ ಕಲಿತವು ಒಂದಿಷ್ಟು.

ಕಾಕಾ ಮನೆಯಲ್ಲಿರಲಿಲ್ಲ, ಚಿಂಚೋಳಿಗೆ ಕೆಲಸಕ್ಕೆ ಹೋಗಿದ್ದ. ಅವನ ಹೆಂಡತಿ ರೊಟ್ಟಿ ಬೇಯಿಸುತ್ತಿದ್ದಳು. ಒಲೆಯ ಸುತ್ತ ನಾಲ್ಕು ಗೋಡೆ, ಒಂದೂ ಓರೆಯಿಲ್ಲ. ಮೇಲೆ ಮಾಳಿಗೆ ಇಲ್ಲ. ಬಿಸಿಲಿಗೆ ಒಂದು ಹಳೆಯ ಸೀರೆ ಕಟ್ಟಿದ್ದಳು.

"ಕಾಕಿ, ಇದರ ಮ್ಯಾಲಿಂದು?" ಎಂದು ಕೇಳಿದೆ.

"ಪರ್ಸೋ ಹಾಕ್ತೀನಿ ಅಂದಾರವ್ವಾ."

"ಯಾವಾಗ ಅಂದಿದ್ರು?"

ಆಕೆ ರೊಟ್ಟಿ ಮಗುಚಿ ಸ್ವಲ್ಪ ಲೆಕ್ಕ ಹಾಕಿದಳು. "ಅವಾಗ ನಮ್ಮ ಹಿರೇಮಗಳು ತೊಟ್ಟಲದಾಗಿದ್ದಳು. ಈಗ ಆಕಿ ಮಗ ತೊಟ್ಟಲದಾಗ ಅದಾನ."

"ಮಳಿಗಾಲದಾಗ ಅಡಗಿ?"

"ಮೈದುನನ ಮನ್ಯಾಗ, ನೆಗೆಣ್ಣಿ ಒಲಿ ಮ್ಯಾಲ."

ಕೇಳಬಾರದಿತ್ತು, ಆದರೂ ಕೇಳಿದೆ. "ಒಗ್ಗರಣಿ ಯಾರು ಕೊಡ್ತಾರ?"

ಆಕೆ ನನ್ನ ಮುಖವನ್ನೇ ನೋಡಿದಳು. "ನಾ ಹ್ಯಾಂಗ ಕೊಡ್ಲವ್ವಾ? ಒಲಿ ಆಕೀದು."

ಬಾಯಿಪಾಠ ಮಾಡಿದ್ದೆಲ್ಲ ಮರೆತುಹೋಯಿತು. ಗಾಡಿ ಊರು ಮುಟ್ಟುವ ಮೊದಲೇ, ನಮ್ಮ ಅಡುಗೆಮನೆಯ ಕಲ್ಲು ಆಕೆಯ ಮನೆಗೆ ಕಳಿಸಬೇಕು ಎಂದು ನಮ್ಮವರಿಗೆ ಹೇಳಿದೆ.

"ತಲಿ ಕೆಟ್ಟದೇನು? ಮತ್ತ ನಮಗ?"

"ನಮಗ ಆಮ್ಯಾಲ."

"ಇನ್ನೊಂದು ಮಳಿಗಾಲ ಉಪ್ಪಿಲ್ಲದ ಬ್ಯಾಳಿ ತಿಂತಿಯೇನು?"

"ತಿಂತೀನಿ" ಎಂದೆ. ಅವತ್ತು ಮೊದಲ ಸಲ ಅವರು ನನಗೆ ಎದುರು ಮಾತಾಡಿದ್ದು, ಮೊದಲ ಸಲ ಸೋತದ್ದೂ ಅವತ್ತೇ.

ಕಲ್ಲಿನ ಜೊತೆ ಗೌಂಡಿಗೆ ಒಂದು ಮಾತೂ ಕಳಿಸಿದೆ: ಮೊದಲು ಆ ಒಲೆಯ ಮೇಲೆ ಮಾಳಿಗೆ, ಆಮೇಲೆ ನಮ್ಮ ಅಂಗಳಕ್ಕೆ ಕಾಲು. ಅವನು ಅದನ್ನು ಎಂಟು ದಿನದಲ್ಲಿ ಹಾಕಿದ. ತೊಟ್ಟಿಲಿನಿಂದ ತೊಟ್ಟಿಲಿಗೆ ಬಂದ ಕೆಲಸ, ಎಂಟೇ ದಿನ. ಮಳೆ ನಿಂತ ಮೇಲೆ, ಯಾರೂ ಕರೆಯದೆ, ತಾನೇ ಶಹಾಬಾದಿಗೆ ಹೋಗಿ ಗಾಡಿಯ ಮೇಲೆ ಕೂತು ನಮ್ಮ ಕಲ್ಲು ತಂದ. ಕೆಲಸ ಮುಗಿಯುವವರೆಗೆ ಪರ್ಸೋ ಎಂಬ ಮಾತು ಅವನ ಬಾಯಿಂದ ಬರಲಿಲ್ಲ. ಒಲೆಯ ಮುಂದೆ ಹಾಸಲು ಮಾತ್ರ ಎರಡು ಪರ್ಸಿ ಕಡಿಮೆ ಬಿದ್ದವು. ನೆಲಕ್ಕೆ ಹಾಸುವ ಕಲ್ಲಿಗೆ ಇಲ್ಲಿ ಪರ್ಸಿ ಎನ್ನುತ್ತಾರೆ. ಇರಲಿ ಬಿಡಿ ಎಂದೆ. ರಾಜ್ಯ ಆದದ್ದು ಮರುವರ್ಷ, ನಮ್ಮ ಅಡುಗೆಮನೆಯೇ ಮೊದಲಾಯಿತು.

ಹೊಸ ಒಲೆಯ ಮೇಲೆ ಮೊದಲ ದಿನ ಬೇಳೆಗೆ ಒಗ್ಗರಣೆ ಕೊಟ್ಟೆ. ಸಾಸಿವೆ ಸಿಡಿದದ್ದೇ ನನಗೆ ಅಳು ಬಂತು. ಮೆಣಸಿನಕಾಯಿ ಘಾಟು ಎಂದು ಹೇಳಿದೆ.

ಮಧ್ಯಾಹ್ನ ಊಟಕ್ಕೆ ನೆಗೆಣ್ಣಿ ಬಂದಳು. ಕೈಯಲ್ಲಿ ಆ ಉಪ್ಪಿನ ಗಡಿಗೆ. "ಇದು ನಿಂದೇ" ಎಂದು ಒಲೆಯ ಪಕ್ಕ ಇಟ್ಟಳು. ಊಟಕ್ಕೆ ಕೂತು ಬೇಳೆ ಬಾಯಿಗಿಟ್ಟು, ನಿಧಾನವಾಗಿ ನುಂಗಿ, "ಉಪ್ಪು ಭಾಳ ಆಗ್ಯಾದ" ಎಂದಳು. ನಿಜ, ಆಗಿತ್ತು.

ಉಂಡೆದ್ದು ಒಲೆಯ ಮುಂದಿನ ಮಣ್ಣು ನೆಲ ನೋಡಿ ಕೇಳಿದಳು, "ಇಲ್ಲಿ ಪರ್ಸಿ ಯಾವಾಗ ಹಾಕಸ್ತಿ?"

"ಪರ್ಸೋ" ಎಂದೆ.

ನಮ್ಮವರು ನಕ್ಕರು, ಆಕೆಯೂ ನಕ್ಕಳು, ನನಗೂ ತಡೆಯಲಾಗಲಿಲ್ಲ. ಆ ಮಣ್ಣು ನೆಲ ಇಂದಿಗೂ ಹಾಗೇ ಇದೆ.

ಹೊರಡುವಾಗ ಹೊಸ್ತಿಲಲ್ಲಿ ನಿಂತು, "ಮತ್ತ ನಮ್ಮ ಮನಿಗಿ ಯಾವಾಗ ಬರ್ತಿ?" ಎಂದಳು.

ನಾಲಗೆ ರುಚಿ ಹಿಡಿದಿತ್ತು. "ಪರ್ಸೋ" ಎಂದೆ.

ಈ ಸಲ ಆಕೆ ನಗಲಿಲ್ಲ. ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದಳು, "ಪರ್ಸೋ ಅನಬ್ಯಾಡ. ನಾಳಿಗಿ ಬಾ. ಬಂದು ಬ್ಯಾಳಿಗಿ ಒಗ್ಗರಣಿ ನೀನೇ ಕೊಡು."