ತುಂತುರಿಗೆ ಸತ್ತ ಟೊಮೆಟೊ

ಇಪ್ಪತ್ತೆರಡು ವರ್ಷ ಬೇರೆಯವರ ಪಂಪು ರಿಪೇರಿ ಮಾಡಿ ‘ಮೋಟರಕ್ಕ’ ಎಂದೇ ಹೆಸರಾಗಿದ್ದವಳು ಕೊನೆಗೂ ತನ್ನದೇ ಎರಡು ಎಕರೆ ಹೊಲ ಮಾಡಿಕೊಂಡಳು. ಕೊಳವೆಬಾವಿಯಲ್ಲಿ ನೀರೇನೋ ಧಾರಾಳವಾಗಿತ್ತು. ಆದರೆ ಬಾಯಿಗಿಟ್ಟರೆ ಥೂ ಎಂದು ಉಗುಳುವಷ್ಟು ಉಪ್ಪು.

“ಬೆಳೆ ಯಾಕಮ್ಮಾ ನಿಂಗೆ, ಸಮುದ್ರದ ಮೀನು ಸಾಕ್ಕೋ ಹೋಗು” ಎಂದು ಅವಳ ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದ.

ಅವಳು ಹಟ ಬಿಡಲಿಲ್ಲ. ಸಾಲುಸಾಲಿಗೂ ಡ್ರಿಪ್ ಪೈಪು ಎಳೆದಳು, ಬುಡಕ್ಕೆ ಒಣಹುಲ್ಲು ಹೊದಿಸಿದಳು, ನೀರು ಬಸಿದುಹೋಗಲು ಹೊಲದಂಚಿಗೆ ಕಾಲುವೆ ತೋಡಿದಳು. ಗಿಡ ಕುಡಿಯುವುದಕ್ಕಿಂತ ಒಂದಿಷ್ಟು ಹೆಚ್ಚೇ ನೀರು ಬಿಡುತ್ತಿದ್ದಳು. ಆ ಹೆಚ್ಚಿನ ನೀರು ಉಪ್ಪನ್ನು ಬೇರಿನಿಂದಾಚೆ ತಳ್ಳುತ್ತಿತ್ತು. ಸಾಲುಗಳ ನಡುವೆ ಉಪ್ಪು ಬೆಳ್ಳಗೆ ಪುಡಿಗಟ್ಟಿದರೂ ಬುಡದ ಮಣ್ಣು ಹಸನಾಗಿಯೇ ಇತ್ತು. ಟೊಮೆಟೊ ಸೊಂಟದೆತ್ತರ ಬೆಳೆದು ಗೊಂಚಲುಗೊಂಚಲಾಗಿ ಕಾಯಿ ಕಚ್ಚಿತು.

ಒಂದು ಬೆಳಿಗ್ಗೆ ಮೋಡ ಕವಿದು ತುಂತುರು ಶುರುವಾಯಿತು. ಉಪ್ಪಿಲ್ಲದ ನೀರು, ಅದೂ ಪುಕ್ಕಟೆ! ಮೋಟರಕ್ಕ ಓಡಿಹೋಗಿ ಮೋಟರ್ ಆಫ್ ಮಾಡಿದಳು. “ಇವತ್ತು ಮೋಟರಿಗೂ ರಜಾ, ನಂಗೂ ರಜಾ ಕಣ್ರೀ” ಎಂದು ಗಂಡನಿಗೆ ಹೇಳಿ ಕಾಲು ಚಾಚಿ ಕೂತಳು. ಮಧ್ಯಾಹ್ನದೊಳಗೆ ಮಳೆ ನಿಂತಿತು. ನೆಲ ನಾಲ್ಕು ಬೆರಳು ಕೂಡ ನೆನೆದಿರಲಿಲ್ಲ.

ಮೂರನೆಯ ದಿನ ಮತ್ತೆ ಮೋಟರ್ ಹಾಕಲು ಹೊಲಕ್ಕೆ ಹೋದವಳು ಬದುವಿನ ಮೇಲೆಯೇ ಕಲ್ಲಾಗಿ ನಿಂತಳು. ಕುದಿಯುವ ನೀರು ಎರಚಿದಂತೆ ಎಲೆಗಳೆಲ್ಲ ಅಂಚಿನಿಂದ ಸುಟ್ಟು ಸುರುಟಿದ್ದವು. ಮುಟ್ಟಿದ ಕಾಯಿ ಕೈಗೇ ಬಂತು.

“ಯಾರಾದ್ರೂ ವಿಷ ಹೊಡೆದ್ರೇನೇ?” ಎಂದ ಗಂಡ.

ಬುಡದ ಮಣ್ಣನ್ನು ಚೀಲಕ್ಕೆ ತುಂಬಿಕೊಂಡು ಮಣ್ಣು ಪರೀಕ್ಷೆಯ ಕಚೇರಿಗೆ ಹೋದಳು. ಅಲ್ಲಿನ ಹುಡುಗಿ ಮಣ್ಣನ್ನು ನೀರಿನಲ್ಲಿ ಕಲಕಿ, ಮೀಟರ್ ಅದ್ದಿ, ಹುಬ್ಬೇರಿಸಿದಳು.

“ಹೋದ ತಿಂಗಳು ನೀವು ತಂದಿದ್ದ ಮಣ್ಣಿಗಿಂತ ಐದು ಪಟ್ಟು ಉಪ್ಪು! ಮಳೆ ಬಂದಾಗ ಡ್ರಿಪ್ ಏನ್ ಮಾಡಿದ್ರಿ?”

“ನಿಲ್ಲಿಸ್ದೆ. ಮಳೇಲಿ ಯಾರಾದ್ರೂ ನೀರು ಬಿಡ್ತಾರಾ?”

“ಅಯ್ಯೋ ಅಕ್ಕಾ, ಅಲ್ಲೇ ಎಡವಟ್ಟಾಗಿದ್ದು. ಸಾಲಿನ ನಡುವೆ ಕೂತಿದ್ದ ಉಪ್ಪನ್ನ ತುಂತುರು ಕರಗಿಸಿ ಸೀದಾ ಬೇರಿಗೆ ತಂದು ಸುರೀತು. ಜೋರು ಮಳೆ ಆಗಿದ್ರೆ ತೊಳ್ಕೊಂಡು ಹೋಗ್ತಿತ್ತು. ನಿಮ್ಮ ಮೋಟರ್ ಓಡ್ತಿದ್ರೂ ಉಪ್ಪು ಆಚೆಗೇ ಉಳೀತಿತ್ತು.”

“ಹಂಗಾದ್ರೆ ನಾನೇ… ನನ್ನ ಕೈಯಾರೆ…” ಎಂದಳು ಮೋಟರಕ್ಕ. ಶಬ್ದ ಕೇಳಿಯೇ ಮೋಟರಿನ ಕಾಯಿಲೆ ಹೇಳುತ್ತಿದ್ದವಳು ತನ್ನ ಹೊಲವನ್ನು ಒಂದು ಸ್ವಿಚ್ಚಿನಿಂದ ಕೊಂದಿದ್ದಳು.

ಮುಂದಿನ ಜೋರು ಮಳೆಗಳಲ್ಲಿ ಮಡಿ ಕಟ್ಟಿ ನೀರು ನಿಲ್ಲಿಸಿ, ಉಪ್ಪನ್ನು ಕಾಲುವೆಗೆ ಬಸಿದಳು. ಮಣ್ಣನ್ನು ಮತ್ತೆ ಪರೀಕ್ಷೆ ಮಾಡಿಸಿಯೇ ಸಸಿ ನೆಟ್ಟಳು. ಹೂ ಬಿಡುವ ಹೊತ್ತಿಗೆ ಮತ್ತೆ ತುಂತುರು ಬಂತು. ತಲೆಗೆ ಗೋಣಿಚೀಲ ಹಾಕಿಕೊಂಡು ಓಡಿಹೋಗಿ ಮೋಟರ್ ಹಾಕಿದಳು.

“ಮಳೇಲಿ ನೀರು ಬಿಡ್ತಿದೀಯಲ್ಲೇ, ತಲೆ ಕೆಟ್ಟಿದೆಯಾ?” ಅಣ್ಣ ಬದುವಿನಿಂದ ಕಿರುಚಿದ.

“ಕೆಟ್ಟಿದ್ದು ಹೋದ ಸಲ ಅಣ್ಣಾ!”

ಆ ಬೆಳೆ ಕೈಗೆ ಬಂತು. ಆದರೂ ಈಗಲೂ ಛಾವಣಿಯ ತಗಡಿನ ಮೇಲೆ ಮೊದಲ ಹನಿ ಬಿದ್ದರೆ ಉಣ್ಣುತ್ತಿದ್ದವಳು ಮೋಟರ್ ಹಾಕಲು ತಟ್ಟೆ ಬಿಟ್ಟು ಏಳುತ್ತಾಳೆ. “ಊಟ ಮುಗಿಸಿ ಹೋಗೇ” ಎನ್ನದೆ, ಗಂಡ ಚಪ್ಪಲಿ ಮೆಟ್ಟಿಕೊಂಡು ಅವಳಿಗಿಂತ ಮುಂಚೆಯೇ ಅಂಗಳ ದಾಟಿರುತ್ತಾನೆ.